‘ಲೋಡ್ ಬಂದ ಮೇಲೆ’: ಒಂದು ‘ವಿಲ್’ನ ಇನ್ನೂರು ವರ್ಷ

ನೆಲಮಂಗಲದ ಸುತ್ತಮುತ್ತಲ ಗೋಡೌನುಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತು: ‘ಲೋಡ್ ಬಂದ ಮೇಲೆ ಮೆಸೇಜ್ ಹಾಕ್ತೀನಿ.’ ಇದೇ ಮಾತು ಇಂಗ್ಲಿಷಿಗೆ ಹೋದಾಗ ಬಹಳ ಸಲ ‘ಆಫ್ಟರ್ ದಿ ಲೋಡ್ ವಿಲ್ ಕಮ್, ಐ ವಿಲ್ ಮೆಸೇಜ್ ಯು’ ಎಂದಾಗುತ್ತದೆ. ಮೊದಲ ‘ವಿಲ್’ ಅಲ್ಲಿರಬಾರದು. ‘ಆಫ್ಟರ್ ದಿ ಲೋಡ್ ಕಮ್ಸ್’ ಅಥವಾ ‘ಹ್ಯಾಸ್ ಕಮ್’ ಎನ್ನಬೇಕು.

ಒಂದು ಕಾಲಕ್ಕೆ ಇಂಗ್ಲಿಷರೇ ‘ವೆನ್’ ಜೊತೆ ಧಾರಾಳವಾಗಿ ‘ಶಾಲ್’ ಬಳಸುತ್ತಿದ್ದರು. 1611ರ ಬೈಬಲ್ ಅನುವಾದದಲ್ಲಿ ಅಂಥ ವಾಕ್ಯಗಳು ಬೇಕಾದಷ್ಟಿವೆ. 1795ರಲ್ಲಿ ಲಿಂಡ್ಲೆ ಮರ್ರೆ ಬರೆದ ವ್ಯಾಕರಣದ ಹೊತ್ತಿಗೆ ಬಳಕೆ ಬದಲಾಗಿತ್ತು. ವೆನ್, ಬಿಫೋರ್, ಆಫ್ಟರ್ ಮುಂತಾದ ಪದಗಳ ಮುಂದೆ ವರ್ತಮಾನದ ರೂಪವೇ ಮುಂದಾಗುವುದನ್ನು ಸೂಚಿಸುತ್ತದೆ ಎಂದು ಆತ ಗುರುತಿಸಿದ. ಅದು ಬಳಕೆಯನ್ನು ಕಂಡು ಹೇಳಿದ ಮಾತು. ಮುಂದೆ ನಮ್ಮ ಹೈಸ್ಕೂಲುಗಳಿಗೆ ನೆಸ್‌ಫೀಲ್ಡ್‌ನ ವ್ಯಾಕರಣ ಪುಸ್ತಕ ಬಂತು, 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್‌ರದು ಬಂತು. ತರಗತಿಯಲ್ಲಿ ಆ ಮಾತು ಬಾಯಿಪಾಠದ ನಿಯಮವಾಯಿತು, ಕಾರಣ ಮಾತ್ರ ಯಾರಿಗೂ ಸಿಗಲಿಲ್ಲ.

ಇದೇ ಹೊಳೆಯನ್ನು ಆಚೆ ದಡದಿಂದ ದಾಟಲು ನೋಡಿದವರೂ ಇದ್ದರು. 1817ರಲ್ಲಿ ಶ್ರೀರಾಮಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂತು, 1903ರಲ್ಲಿ ಮಂಗಳೂರಿನಿಂದ ಕಿಟ್ಟೆಲರದು. ‘ಬಂದ’ ಎಂಬ ಭೂತರೂಪ ‘ನಾಳೆ ಬಂದಾಗ’ ಎಂಬಲ್ಲಿ ಹೇಗೆ ಕೂತಿತು ಎಂಬುದು ಕನ್ನಡ ಕಲಿಯುವ ಇಂಗ್ಲಿಷರ ತೊಡಕು. ನಮ್ಮ ಮಕ್ಕಳದು ಅದರ ಮಗುಚಿದ ರೂಪ. ಆದರೂ ಎರಡು ಭಾಷೆಗಳನ್ನೂ ಅಕ್ಕಪಕ್ಕ ಇಟ್ಟು ಪಾಠ ಮಾಡುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬೇರೂರಲಿಲ್ಲ.

ಸ್ವಾತಂತ್ರ್ಯಾನಂತರ ವಾಕ್ಯಮಾದರಿಗಳನ್ನು ಮತ್ತೆ ಮತ್ತೆ ಹೇಳಿಸುವ ಪದ್ಧತಿ ಬಂತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ತಪ್ಪು ಏಕಾಗುತ್ತದೆ ಎಂಬ ಚರ್ಚೆಯೂ ಆಗ ನಡೆದಿತ್ತು: ಎರಡು ಭಾಷೆಗಳನ್ನು ಹೋಲಿಸಿದರೆ ತಪ್ಪು ಎಲ್ಲಾಗುತ್ತದೆಂದು ಮೊದಲೇ ಹೇಳಬಹುದು ಎಂದು ಭಾಷಾವಿಜ್ಞಾನಿ ರಾಬರ್ಟ್ ಲಾಡೊ 1957ರಲ್ಲೇ ವಾದಿಸಿದ್ದರು. ಲಾಡೊ ಲೆಕ್ಕದಲ್ಲಿ ನಮ್ಮ ಹುಡುಗರು ‘ಆಫ್ಟರ್ ದಿ ಲೋಡ್ ಕೇಮ್’ ಅನ್ನಬೇಕಿತ್ತು, ಏಕೆಂದರೆ ಕನ್ನಡದ ‘ಬಂದ’ ಭೂತಕಾಲದ್ದು. ಅವರು ಹೇಳುವುದು ‘ವಿಲ್ ಕಮ್’. ತಪ್ಪುಗಳು ಕಲಿಯುವವನ ಒಳನಿಯಮವನ್ನು ತೋರಿಸುತ್ತವೆ ಎಂದು ಪಿಟ್ ಕಾರ್ಡರ್ 1967ರಲ್ಲಿ ಬರೆದದ್ದೇ ಇಲ್ಲಿ ಹೊಂದುತ್ತದೆ. ‘ಟುಮಾರೋ ಅಂದರೆ ವಿಲ್’ ಎಂದು ತರಗತಿ ಕಲಿಸಿತು, ಮಗು ಅದನ್ನು ನಿಷ್ಠೆಯಿಂದ ಎಲ್ಲ ಕಡೆಗೂ ಹಚ್ಚಿತು. ಈ ತಪ್ಪನ್ನು ಕನ್ನಡದ ತಲೆಗೆ ಕಟ್ಟುವುದು ಅನ್ಯಾಯ.

1979ರಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಬೆಂಗಳೂರಿನಲ್ಲಿ ಹೂಡಿದ ಪ್ರಯೋಗ ನಿಯಮಗಳನ್ನೇ ಬದಿಗಿಟ್ಟಿತು. ಮಕ್ಕಳ ಕೈಗೆ ರೈಲ್ವೆ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಬಿಡಿಸಲು ಹೇಳಿದರು. ಅರ್ಥದ ಬೆನ್ನು ಹತ್ತಿದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ನಂಬಿಕೆ. ‘ಬೆಂಗಳೂರು ಪ್ರಾಜೆಕ್ಟ್’ ಎಂದು ಜಗತ್ತು ಅದನ್ನು ಈಗಲೂ ನೆನೆಯುತ್ತದೆ. ನಮ್ಮ ನಾಡು ಭಾಷೆ ಕಲಿಸುವ ವಿದ್ಯೆಗೆ ಕೊಟ್ಟ ಅತಿ ದೊಡ್ಡ ಕಾಣಿಕೆ ಅದೇ ಎಂದು ನನ್ನ ಎಣಿಕೆ. ಆದರೂ ಹತ್ತಾರು ವರ್ಷ ಗಟ್ಟಿಯಾದ ‘ವಿಲ್’ ವೇಳಾಪಟ್ಟಿ ನೋಡಿದ ಮಾತ್ರಕ್ಕೆ ಕರಗದು.

ಆ ‘ವಿಲ್’ ಏಕೆ ಬೇಡ ಎಂಬುದಕ್ಕೆ ಕಾರಣ ಹೊಳೆದದ್ದು ಭಾಷಾವಿಜ್ಞಾನದ ಕಡೆಯಿಂದ. ಬರ್ನಾರ್ಡ್ ಕಾಮ್ರಿ 1985ರ ಪುಸ್ತಕದಲ್ಲಿ ಮಾತಾಡುವ ಗಳಿಗೆಯಿಂದ ಅಳೆಯುವ ಕಾಲ, ಇನ್ನೊಂದು ಕ್ರಿಯೆಯಿಂದ ಅಳೆಯುವ ಕಾಲ ಎಂದು ಬಿಡಿಸಿಟ್ಟರು. ಕನ್ನಡ ಎರಡನೆಯದರಲ್ಲಿ ಪಳಗಿದೆ. ‘ನಾಳೆ ಅವನು ಬಂದ ಮೇಲೆ ಹೊರಡೋಣ’: ಬರುವುದು ನಾಳೆಯಾದರೂ ‘ಬಂದ’, ಏಕೆಂದರೆ ಹೊರಡುವುದಕ್ಕಿಂತ ಅದು ಮೊದಲು. ‘ನಿನ್ನೆ ಅವನು ಬರುವ ಮುಂಚೆ ಹೊರಟೆವು’: ನಿನ್ನೆಯದಾದರೂ ‘ಬರುವ’. ನಿನ್ನೆ ನಾಳೆಯ ಭಾರವನ್ನು ಕೊನೆಯ ಕ್ರಿಯಾಪದವೇ ಹೊರುತ್ತದೆ. ಇಂಗ್ಲಿಷ್ ಇಷ್ಟು ದೂರ ಹೋಗುವುದಿಲ್ಲ. ನಿನ್ನೆಯ ಮಾತಿಗೆ ಅದು ‘ಬಿಫೋರ್ ಹಿ ಕೇಮ್’ ಎನ್ನುತ್ತದೆ. ಮುಂದಾಗುವುದರ ವಿಷಯದಲ್ಲಿ ಮಾತ್ರ ಎರಡೂ ಒಂದೇ ದಾರಿ: ಪ್ರಧಾನ ವಾಕ್ಯದಲ್ಲಿ ಒಂದು ‘ವಿಲ್’ ಬಂದರೆ ಸಾಕು.

ಇನ್ನೊಂದು ಗಂಟೂ ಕನ್ನಡದಿಂದಲೇ ಬಿಚ್ಚುತ್ತದೆ. ‘ಐ ಡೋಂಟ್ ನೋ ವೆನ್ ದಿ ಲೋಡ್ ವಿಲ್ ಕಮ್’ ಸರಿಯಾದ ಇಂಗ್ಲಿಷ್. ಅಲ್ಲಿ ‘ವಿಲ್’ ಹೇಗೆ ಸಲ್ಲುತ್ತದೆ? ಕನ್ನಡದಲ್ಲಿ ಹೇಳಿ ನೋಡಿ: ‘ಲೋಡ್ ಯಾವಾಗ ಬರುತ್ತೋ ಗೊತ್ತಿಲ್ಲ.’ ಇಲ್ಲಿ ‘ಯಾವಾಗ’ ಬಂತು, ‘ಬಂದಾಗ’ ಬರಲಿಲ್ಲ. ‘ಯಾವಾಗ’ ಎಂಬ ಪ್ರಶ್ನೆ ಒಳಗಿದ್ದರೆ ‘ವಿಲ್’ ಇರಲಿ. ‘ಬಂದಾಗ, ಬರುವಾಗ, ಬಂದ ಮೇಲೆ, ಬರುವ ತನಕ’ ಇದ್ದರೆ ಬೇಡ. ‘ಯಾವಾಗ ಬರುತ್ತೋ ಆಗ ನೋಡೋಣ’ ಎಂಬ ಜೋಡಿ ಮಾತನ್ನು ಮೊದಲು ‘ಬಂದಾಗ ನೋಡೋಣ’ ಎಂದು ಮಾಡಿಕೊಂಡರಾಯಿತು.

ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಆಡಬಾರದು ಎಂಬ ಕಟ್ಟಪ್ಪಣೆ ಈಗಲೂ ಹಲವು ಕಡೆ ಇದೆ. ಮೇಷ್ಟ್ರೇ, ಮೇಡಂ, ಈ ಒಂದು ಪಾಠದ ಮಟ್ಟಿಗಾದರೂ ಅದನ್ನು ಸಡಿಲಿಸಿ. ವಾಕ್ಯವನ್ನು ಮೊದಲು ಮಗುವಿನ ಬಾಯಲ್ಲಿ ಕನ್ನಡದಲ್ಲಿ ಹೇಳಿಸಿ, ಆಮೇಲೆ ಬೋರ್ಡಿನ ಮೇಲೆ ಇಂಗ್ಲಿಷ್ ಬರೆಯಿರಿ.