ಊರ ಕೆಲಸ, ಊರ ಹಣ: ಪುಲಿಗೆರೆಯಿಂದ ಮಿಹಾನ್‌ವರೆಗೆ

ಕನ್ನಡ ನಾಡು ಒಂದುಗೂಡಿದ 1956ನೆಯ ಇಸವಿ ನವೆಂಬರ್ 1ನೆಯ ತಾರೀಖನ್ನು ನಾವು ವರುಷ ವರುಷವೂ ಹಬ್ಬವಾಗಿ ಆಚರಿಸುತ್ತ ಬಂದಿದ್ದೇವೆ. ನಾವು ಈಗ ನೆಲಸಿರುವ ನಾಗಪುರದ ಪಾಲಿಗೂ ಅದು ಮರೆಯಲಾಗದ ದಿನವೇ ಸರಿ. ಅಲ್ಲಿಯವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಈ ನಗರವು ಅಂದು ವಿದರ್ಭದ ಜಿಲ್ಲೆಗಳೊಡನೆ ಮುಂಬಯಿ ರಾಜ್ಯಕ್ಕೆ ಸೇರಿ, ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು. ಇನ್ನೂ ಹಿಂದಕ್ಕೆ ಹೋದರೆ ನಂಟು ಮತ್ತಷ್ಟು ಹಳೆಯದು. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ, ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ತಾಮ್ರಶಾಸನವು ಶಕವರ್ಷ 862ರದು, ಅಂದರೆ ಕ್ರಿ.ಶ. 940ರದು. ನಾಗಪುರ-ನಂದಿವರ್ಧನವೆಂಬ ವಿಷಯದ ಒಂದು ಹಳ್ಳಿಯನ್ನು ದಾನವಿತ್ತುದನ್ನು ಅದು ಹೇಳುತ್ತದೆ. ಮಳಖೇಡದಿಂದ ಆಳಿದ ಅರಸರ ಶಾಸನದಲ್ಲಿ ಈ ಊರ ಹೆಸರು ಕಾಣುವುದು ನಮಗೆಲ್ಲ ಹಿಗ್ಗಿನ ಮಾತು.

ಅರಸರ ವಂಶಾವಳಿ, ರಾಜ್ಯಗಳ ಗಡಿ, ಇವು ಸ್ಮರಣ ಸಂಚಿಕೆಗಳಿಗೆ ಒಪ್ಪುವ ವಿಷಯಗಳು. ಆದರೆ ಪರಸ್ಥಳದಲ್ಲಿ ಮನೆ ಹೂಡಿದ ಸಂಸಾರಸ್ಥನಿಗೆ ದಿನ ಬೆಳಗಾದರೆ ಎದುರಾಗುವ ಸಂಗತಿಗಳೇ ಬೇರೆ: ಬೀದಿಯ ಚರಂಡಿ, ತಿರುವಿನಲ್ಲಿರಬೇಕಾದ ದೀಪ, ಮಕ್ಕಳ ಶಾಲೆಯ ಸೂರು, ನಾಗಪುರದ ಬೇಸಗೆಯಲ್ಲಿ ಬಸ್ಸಿಗೆ ಕಾದು ನಿಲ್ಲುವವರಿಗೆ ಒಂದಿಷ್ಟು ನೆರಳು. ಇಂಥ ಚಿಕ್ಕ ಕೆಲಸಗಳಿಗೆ ಹಣ ಎಲ್ಲಿಂದ ಬರುತ್ತದೆ? ಮಾಡಬೇಕು, ಬೇಡ ಎಂಬುದನ್ನು ನಿಶ್ಚಯಿಸುವವರು ಯಾರು? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು, ಸಾವಿರದ ಮುನ್ನೂರು ವರ್ಷಗಳ ಹಾದಿಯನ್ನು ಸಂಕ್ಷೇಪವಾಗಿ ನೋಡಬೇಕೆಂದು ಈ ಲೇಖನದ ಉದ್ದೇಶ.

ಪುಲಿಗೆರೆಯ ಕಟ್ಟಳೆ

ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹಿಂದೆ ಪುಲಿಗೆರೆ, ಪೊರಿಗೆರೆ ಎಂಬ ಹೆಸರುಗಳಿದ್ದವು. ಎಂಟನೆಯ ಶತಮಾನದ ಮೊದಲ ಪಾದದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಅಲ್ಲಿಯ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಹಾಕಿಕೊಟ್ಟನು. ಅದರಲ್ಲಿ ಅರಸನ ಅಧಿಕಾರಿಗಳು ಊರವರ ವಿಷಯದಲ್ಲಿ ನಡೆದುಕೊಳ್ಳಬೇಕಾದ ರೀತಿ ಒಂದು ಕಡೆ, ಊರವರು ಸಲ್ಲಿಸಬೇಕಾದ ತೆರಿಗೆ ಇನ್ನೊಂದು ಕಡೆ ಹೇಳಿದೆ. ತೆರಿಗೆ ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ. ಅನುಕೂಲಸ್ಥರ ಮನೆಗೆ ಹತ್ತು ಪಣ, ಮಧ್ಯಮರಿಗೆ ಏಳು, ಅವರಿಗಿಂತ ಕೆಳಗಿನವರಿಗೆ ಐದು, ತೀರ ಬಡವರಿಗೆ ಮೂರು. ಕೆಲವು ಬಾಬುಗಳು ಊರಿನ ಶ್ರೇಣಿಗೇ, ಅಂದರೆ ಕಸಬುದಾರರ ಸಂಘಕ್ಕೇ ಸಲ್ಲತಕ್ಕವಾಗಿದ್ದವು. ಅರಸನೂ ಊರವರೂ ಪರಸ್ಪರ ಕಟ್ಟಿಗೆ ಒಳಗಾದ ಇಂಥ ಪತ್ರಗಳು ನಮ್ಮ ದೇಶದ ಚರಿತ್ರೆಯಲ್ಲಿ ವಿರಳ.

ಕೆರೆಗಳ ಕಥೆಯೂ ಇಂಥದೇ. ಕೆರೆಯನ್ನು ಕಟ್ಟಿದವನಿಗೆ, ಕೆಟ್ಟುದನ್ನು ದುರಸ್ತಿ ಮಾಡಿದವನಿಗೆ ಅದರ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುವ ಪದ್ಧತಿ ಕನ್ನಡ ಶಾಸನಗಳಲ್ಲಿ ಹೆಜ್ಜೆ ಹೆಜ್ಜೆಗೂ ಕಾಣುತ್ತದೆ. ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ಈ ಏರ್ಪಾಡಿಗೆ ಸಂಬಂಧಿಸಿದವು. ಹೂಳೆತ್ತುವ ಬಂಡಿಗೂ ಅದನ್ನು ಎಳೆಯುವ ಕೋಣಗಳಿಗೂ ಬಿಟ್ಟ ದತ್ತಿಗಳುಂಟು. ಕೆಲಸಕ್ಕೆ ಬೇಕಾದ ದ್ರವ್ಯ ಆ ಕೆಲಸದ ಫಲದಿಂದಲೇ ಹುಟ್ಟುತ್ತಿತ್ತು. ತೂಬು ಸೋರುತ್ತಿದೆಯೇ ಇಲ್ಲವೇ ಎಂಬುದನ್ನು ನೀರು ಹಾಯಿಸುವವನೇ ಬಲ್ಲವನಾಗಿದ್ದನು. ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವುದು ನಮ್ಮ ಅಭಿಪ್ರಾಯವಲ್ಲ. ಮಹಾಜನರ ಸಭೆಯಲ್ಲಿ ಹೊಲೆಮಾದಿಗರಿಗೆ ಎಡೆಯಿರಲಿಲ್ಲ, ಹೆಂಗಸರ ಮಾತಿಗೆ ಬೆಲೆಯಿರಲಿಲ್ಲ. ಆದರೂ ಹಣ ಕೊಟ್ಟವರಿಗೂ ನಿಶ್ಚಯ ಮಾಡಿದವರಿಗೂ ನಡುವೆ ದಾರಿ ದೂರವಿರಲಿಲ್ಲ.

ರೂಪಾಯಿಗೆ ಒಂದಾಣೆ

ಇಂಗ್ಲಿಷರ ಆಳಿಕೆಯಲ್ಲಿ ಈ ದಾರಿ ದೂರವಾಯಿತು. ಮುಂಬಯಿ ಕರ್ನಾಟಕದ ರೈತನು 1869ರ ಕಾಯಿದೆಯಂತೆ ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯನ್ನು ಲೋಕಲ್ ಫಂಡಿಗೆ ಹೆಚ್ಚಾಗಿ ತೆರಬೇಕಾಯಿತು. ಧಾರವಾಡ, ಬೆಳಗಾವಿ, ವಿಜಾಪುರದ ಕಡೆ ಎಷ್ಟೋ ಹಳ್ಳಿಗಳ ಶಾಲೆ, ರಸ್ತೆ, ಬಾವಿಗಳ ಹಿಂದೆ ಈ ಆಣೆಯಿದೆ. ಆದರೆ ಯಾವ ಊರಿಗೆ ರಸ್ತೆ, ಯಾವ ಊರಿಗೆ ಶಾಲೆ ಎಂಬುದನ್ನು ನಿಶ್ಚಯಿಸುವ ಕುರ್ಚಿಯಲ್ಲಿ ಕುಳಿತವನು ಕಲೆಕ್ಟರನು. 1882ರಲ್ಲಿ ಲಾರ್ಡ್ ರಿಪ್ಪನ್ನನು ಸ್ಥಳಿಕ ಸ್ವರಾಜ್ಯದ ನಿರ್ಣಯವನ್ನು ಹೊರಡಿಸಿದ ತರುವಾಯ, 1883ರಲ್ಲಿ ಮಧ್ಯಪ್ರಾಂತಕ್ಕೂ 1884ರಲ್ಲಿ ಮುಂಬಯಿ, ಮದರಾಸು ಪ್ರಾಂತಗಳಿಗೂ ಲೋಕಲ್ ಬೋರ್ಡುಗಳ ಕಾಯಿದೆಗಳು ಬಂದವು. ಚುನಾವಣೆ ಸ್ವಲ್ಪ ಸ್ವಲ್ಪವಾಗಿ ಬಂದಿತು. ಮತದ ಹಕ್ಕು ಮಾತ್ರ ಆಸ್ತಿವಂತರ ಕೈಯಲ್ಲಿಯೇ ಬಹುಕಾಲ ಉಳಿಯಿತು.

ನಾಗಪುರದ ಪುರಸಭೆ ಹುಟ್ಟಿದ್ದು 1864ರಲ್ಲಿ. ಅದು ಮಹಾನಗರಪಾಲಿಕೆಯಾದುದು 1951ರಲ್ಲಿ. ಹಳ್ಳಿಗಾಡಿಗೆ ಮಧ್ಯಪ್ರಾಂತ ಸರ್ಕಾರವು 1948ರಲ್ಲಿ ಜನಪದ ಸಭೆಯೆಂಬ ಹೊಸ ಏರ್ಪಾಡನ್ನು ತಂದಿತು. ಜಿಲ್ಲೆ ತೀರ ದೊಡ್ಡದು, ಹಳ್ಳಿ ತೀರ ಚಿಕ್ಕದು ಎಂದು ಭಾವಿಸಿ ತಹಸೀಲಿಗೊಂದು ಸಭೆಯನ್ನು ನಿಯಮಿಸಿದರು. ಮಹಾರಾಷ್ಟ್ರದ ಜಿಲ್ಲಾ ಪರಿಷತ್ತುಗಳು 1962ರಲ್ಲಿ ಅಸ್ತಿತ್ವಕ್ಕೆ ಬಂದಾಗ ವಿದರ್ಭದ ಜನಪದ ಸಭೆಗಳು ಮುಗಿದುಹೋದವು. ಊರಿಗೆ ಎಷ್ಟು ಹತ್ತಿರದಲ್ಲಿ ನಿಶ್ಚಯವಾಗಬೇಕು ಎಂಬ ಅವುಗಳ ಪ್ರಶ್ನೆ ಮಾತ್ರ ಮುಗಿಯಲಿಲ್ಲ.

ನಜೀರ್ ಸಾಬರಿಂದ ಕಾಸರಗೋಡಿಗೆ

ಈ ಪ್ರಶ್ನೆಗೆ ಕನ್ನಡ ನಾಡು ಕೊಟ್ಟ ಉತ್ತರ 1983ರ ಕಾಯಿದೆ. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿದ್ದ ಅಬ್ದುಲ್ ನಜೀರ್ ಸಾಬರು ಅದರ ಶಿಲ್ಪಿಗಳು. ಬರಗಾಲದಲ್ಲಿ ಊರೂರಿಗೆ ಕೊಳವೆ ಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡ ಅವರು, ಬಾವಿ ಎಲ್ಲಿರಬೇಕೆಂಬುದನ್ನು ಬೆಂಗಳೂರು ನಿಶ್ಚಯಿಸಬಾರದೆಂದು ಬಗೆದರು. 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಕೆಲಸಕ್ಕೆ ತೊಡಗಿದವು. ನಾಲ್ಕರಲ್ಲೊಂದು ಪಾಲು ಸ್ಥಾನಗಳು ಹೆಂಗಸರಿಗೆ ಮೀಸಲಾಗಿದ್ದವು. ಮುಂದೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಇಂಥ ಏರ್ಪಾಡನ್ನು ದೇಶಕ್ಕೆಲ್ಲ ಹರಡಿದವು.

ಇದರ ಅತ್ಯಂತ ಸ್ಪಷ್ಟವಾದ ಪ್ರಯೋಗವನ್ನು ಕಂಡವರು ಕಾಸರಗೋಡಿನ ಕನ್ನಡಿಗರು. 1956ರಲ್ಲಿ ಅವರು ಮನೆಬಾಗಿಲನ್ನು ದಾಟದೆಯೇ ಇನ್ನೊಂದು ರಾಜ್ಯಕ್ಕೆ ಸೇರಿಹೋದರು. ಕೇರಳ ಸರ್ಕಾರವು 1996ರ ಆಗಸ್ಟಿನಲ್ಲಿ ಜನಕೀಯ ಯೋಜನೆಯನ್ನು ಆರಂಭಿಸಿ, ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಾಗ, ಮಂಜೇಶ್ವರ, ಮೀಂಜ, ವರ್ಕಾಡಿ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಪಂಚಾಯಿತಿಗಳಿಗೂ ಆ ಪಾಲು ಬಂದಿತು. ಅಲ್ಲಿಯ ಕ್ರಮ ಹೀಗೆ: ವಾರ್ಡಿಗೊಂದು ಗ್ರಾಮಸಭೆ ಸೇರಿ, ಜನರು ಚಿಕ್ಕ ಗುಂಪುಗಳಲ್ಲಿ ಕುಳಿತು, ನೀರು, ಕೃಷಿ, ಶಾಲೆ, ದಾರಿ ಎಂದು ವಿಷಯವಾರು ತಮ್ಮ ಬೇಡಿಕೆಗಳನ್ನು ಬರೆಸುವರು. ಅವನ್ನು ವಿಕಸನ ಗೋಷ್ಠಿಯಲ್ಲಿ ಜರಡಿ ಹಿಡಿಯುವರು. ಕಾರ್ಯಪಡೆಗಳು ಅಂದಾಜುಪಟ್ಟಿ ತಯಾರಿಸುವುವು. ಪಂಚಾಯಿತಿ ಒಪ್ಪಿದುದನ್ನು ಜಿಲ್ಲಾ ಯೋಜನಾ ಸಮಿತಿ ನೋಡುವುದು. ಅನೇಕ ಕೆಲಸಗಳನ್ನು ಗುತ್ತಿಗೆದಾರನ ಬದಲು ಫಲಾನುಭವಿಗಳ ಸಮಿತಿಯೇ ವಹಿಸಿಕೊಳ್ಳುವುದು. ಯೋಜನಾ ಹಣದಲ್ಲಿ ಹತ್ತನೆಯ ಒಂದು ಪಾಲು ಹೆಂಗಸರ ಏಳಿಗೆಯ ಕೆಲಸಗಳಿಗೆ ಮೀಸಲು.

ಸಭೆಯ ಮಾತು, ಸರ್ಕಾರಿ ಕಾಗದ ಬಹುಮಟ್ಟಿಗೆ ಮಲಯಾಳದಲ್ಲಿ. ಕೇರಳದ 1969ರ ಕಾಯಿದೆಯಂತೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕು ಗಡಿನಾಡಿನ ಕನ್ನಡಿಗರಿಗೆ ಉಂಟು. ಅದನ್ನು ಉಳಿಸಿಕೊಳ್ಳಲು ಅವರು ಮತ್ತೆ ಮತ್ತೆ ಹೋರಾಡಬೇಕಾಗಿದೆ. ಆದರೆ ಭಾಷೆಯ ಹೋರಾಟ ನಡೆಯುತ್ತಿದೆಯೆಂದು ಅವರು ಗ್ರಾಮಸಭೆಯ ಚಾಪೆಯನ್ನು ಬಿಟ್ಟು ಏಳಲಿಲ್ಲ. ಪರಭಾಷೆಯ ರಾಜ್ಯದಲ್ಲಿ ಬಾಳುವ ನಮಗೆ ಇದರಲ್ಲಿ ಪಾಠವಿದೆ.

ಮಿಹಾನ್‌ನ ನೆರಳಿನಲ್ಲಿ

ಈಗ ನಮ್ಮ ಬಾಗಿಲಿಗೆ ಬರೋಣ. ನಾಗಪುರ ಮಹಾನಗರಪಾಲಿಕೆಯಲ್ಲಿ ಆಯುಕ್ತರು ಆಯವ್ಯಯದ ಅಂದಾಜನ್ನು ತಯಾರಿಸಿ, 16 ಮಂದಿಯ ಸ್ಥಾಯೀ ಸಮಿತಿಯ ಮುಂದಿಡುತ್ತಾರೆ. ಅದು ತಿದ್ದಿದ ಪತ್ರ ಸಾಮಾನ್ಯ ಸಭೆಗೆ ಹೋಗುತ್ತದೆ. ಬೀದಿಯ ಚಿಕ್ಕ ಕೆಲಸ ಬಹುಮಟ್ಟಿಗೆ ನಗರಸೇವಕನ ಶಿಫಾರಸಿನಿಂದ ಹೊರಟು, ಇಂಜಿನಿಯರನ ಅಂದಾಜು, ಮಂಜೂರಾತಿ, ಟೆಂಡರು, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು ಎಂಬ ಮೆಟ್ಟಿಲುಗಳನ್ನು ಹತ್ತುತ್ತದೆ. ಈ ಸಾಲಿನ ಮೊದಲ ಮೆಟ್ಟಿಲು ಇಲ್ಲದೆಹೋದರೆ ಏನಾದೀತೆಂಬುದನ್ನೂ ಊರು ಕಂಡಿದೆ. 2017ರಲ್ಲಿ ಚುನಾಯಿತವಾದ 151 ಮಂದಿಯ ಸಭೆಯ ಅವಧಿ 2022ರ ಮಾರ್ಚಿಯಲ್ಲಿ ಮುಗಿಯಿತು. ಮುಂದಿನ ಮತದಾನ ನಡೆದುದು 2026ರ ಜನವರಿ 15ರಂದು. ನಡುವಿನ ಸುಮಾರು ನಾಲ್ಕು ವರ್ಷ ಆಡಳಿತಾಧಿಕಾರಿಯ ಕಾರುಬಾರು. ತೆರಿಗೆ ಎಂದಿನಂತೆಯೇ ಸಂದಾಯವಾಯಿತು, ಕೇಳಿ ಹೇಳಲು ನಗರಸೇವಕನಿರಲಿಲ್ಲ.

ಮಿಹಾನ್‌ನ ಕಥೆ ಇದಕ್ಕಿಂತ ಜಟಿಲ. 2002ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ವಿಮಾನನಿಲ್ದಾಣ ಅಭಿವೃದ್ಧಿ ಕಂಪನಿಯು ಈ ಪ್ರದೇಶದ ವಿಶೇಷ ಯೋಜನಾ ಪ್ರಾಧಿಕಾರ. ಶಿವಣಗಾಂವ್, ಖಾಪರಿ, ತೇಲ್ಹಾರಾ, ಕಲಕುಹಿ, ದಹೆಗಾಂವ್ ಮೊದಲಾದ ಹಳ್ಳಿಗಳ ಹೊಲಗಳ ಮೇಲೆ ಇಂದು ಕಾರ್ಖಾನೆ, ಏಮ್ಸ್ ಆಸ್ಪತ್ರೆ, ನಮ್ಮ ಮಕ್ಕಳು ದುಡಿಯುವ ಸಾಫ್ಟ್‌ವೇರ್ ಕಚೇರಿಗಳು ಎದ್ದಿವೆ. ದೊಡ್ಡ ರಸ್ತೆ, ನೀರು, ವಿದ್ಯುತ್ತಿನ ನಕ್ಷೆಯನ್ನು ಕಂಪನಿ ಬರೆಯುತ್ತದೆ. ಅದರ ಆಡಳಿತ ಮಂಡಲಿಗೆ ಜನರ ಚುನಾವಣೆಯಿಲ್ಲ. ಸುತ್ತಲಿನ ವಸತಿಗಳಲ್ಲಿ ಕೆಲವು ಪಾಲಿಕೆಗೆ, ಕೆಲವು ಗ್ರಾಮಪಂಚಾಯಿತಿಗೆ ಸೇರಿವೆ. ಆದುದರಿಂದ ಬೀದಿದೀಪ ಆರಿದಾಗ ಯಾರನ್ನು ಕೇಳಬೇಕೆಂಬುದೇ ಮೊದಲನೆಯ ತೊಡಕು. ತನ್ನ ಮನೆ ಯಾವ ಸಭೆಯ ಎಲ್ಲೆಗೆ ಒಳಪಟ್ಟಿದೆಯೆಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದುಕೊಳ್ಳತಕ್ಕದ್ದು.

ಮಹಾರಾಷ್ಟ್ರದಲ್ಲಿ ಗ್ರಾಮಸಭೆ ವರುಷಕ್ಕೆ ನಾಲ್ಕು ಸಲ ಸೇರಬೇಕು. ಅದಕ್ಕೆ ಮೊದಲು ಹೆಂಗಸರ ಸಭೆ ನಡೆಯಬೇಕು. ಕೇಂದ್ರದ ಹಣಕಾಸು ಆಯೋಗಗಳು ಪಂಚಾಯಿತಿಗೆ ಕೊಡುವ ಹಣದಲ್ಲಿ, 2021ರಿಂದ 2026ರ ಅವಧಿಗೆ, ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು. ಉಳಿದ 40 ಪಾಲು ಊರ ಇಚ್ಛೆಗೆ ಬಿಟ್ಟದ್ದು. ಈ 40ರ ವಿಷಯದಲ್ಲಿಯೇ ಸಭೆಯಲ್ಲಿ ಎದ್ದು ನಿಂತವನ ಮಾತಿಗೆ ಬೆಲೆ. ನಮ್ಮ ನೆರೆಯ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾದ ಗೊಂಡರು ಬಹುಮತವನ್ನೂ ಸಾಲದೆಂದು ತಳ್ಳಿ, ಎಲ್ಲರೂ ಒಪ್ಪುವವರೆಗೆ ಮಾತನಾಡಿ ಊರ ಕೆಲಸವನ್ನು ನಿಶ್ಚಯಿಸುವುದು ದೇಶದಲ್ಲೆಲ್ಲ ಹೆಸರಾದ ಸಂಗತಿ. ನಗರಗಳಲ್ಲಿ ಪುಣೆಯದು ಹಿರಿಯ ಉದಾಹರಣೆ. ಬ್ರೆಜಿಲಿನ ಪೋರ್ತೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಮೊದಲಾದ ಜನರ ಆಯವ್ಯಯದ ಮಾದರಿಯನ್ನು ಕಂಡು, ಪುಣೆಯ ಪಾಲಿಕೆ 2006ರಿಂದ 5 ಲಕ್ಷ ರೂಪಾಯಿಗೆ ಮೀರದ ಕೆಲಸಗಳನ್ನು ನಾಗರಿಕರೇ ಸೂಚಿಸುವ ಪದ್ಧತಿಯನ್ನು ಆರಂಭಿಸಿತು.

ಹೆಸರು ಎಲ್ಲಿರಬೇಕು?

ಇಷ್ಟು ಕಥೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪುಲಿಗೆರೆಯಲ್ಲಿ ಪಣ ತೆತ್ತ ಮನೆ ಊರ ಲೆಕ್ಕದಲ್ಲಿತ್ತು. ಇಂದಿನ ಸಂವಿಧಾನದಲ್ಲಿ ಗ್ರಾಮಸಭೆಯೆಂದರೆ ಆ ಊರ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಕೂಟ. ಮನೆಪಟ್ಟಿ ಕಟ್ಟಿದ ರಸೀದಿಯಾಗಲಿ, ಫ್ಲ್ಯಾಟಿನ ಕ್ರಯಪತ್ರವಾಗಲಿ ಅಲ್ಲಿ ಕುಳಿತು ಕೈಯೆತ್ತುವ ಹಕ್ಕನ್ನು ಕೊಡುವುದಿಲ್ಲ. ನಮ್ಮವರಲ್ಲಿ ಹತ್ತಿಪ್ಪತ್ತು ವರ್ಷದಿಂದ ಇಲ್ಲಿಯೇ ಬಾಳುತ್ತಿದ್ದರೂ ಹೆಸರನ್ನು ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಉಡುಪಿಯಲ್ಲೋ ಇಟ್ಟುಕೊಂಡ ಕುಟುಂಬಗಳುಂಟು. ತೌರಿನ ಮಮತೆ ಅದಕ್ಕೆ ಕಾರಣವೆಂಬುದನ್ನು ನಾವು ಬಲ್ಲೆವು. ಆದರೆ ಆ ಊರಿನ ಚರಂಡಿಯನ್ನು ನಿಶ್ಚಯಿಸಲು ನಾವು ಅಲ್ಲಿರುವುದಿಲ್ಲ. ಈ ಊರಿನದನ್ನು ನಿಶ್ಚಯಿಸಲು ಹೆಸರು ಇಲ್ಲಿರುವುದಿಲ್ಲ. ಕಾಯಿದೆಯಂತೆ ಹೆಸರು ಒಂದೇ ಕಡೆ ಇರತಕ್ಕದ್ದು. ವಾಸ ಬದಲಾದವರು 8ನೆಯ ನಮೂನೆಯ ಅರ್ಜಿಯಿಂದ ಅದನ್ನು ಸಾಗಿಸಿಕೊಳ್ಳಬಹುದು. ವಿಧಾನಸಭೆಯ ಪಟ್ಟಿಯ ಆಧಾರದ ಮೇಲೆಯೇ ಪಾಲಿಕೆ, ಪಂಚಾಯಿತಿಗಳ ಪಟ್ಟಿ ತಯಾರಾಗುತ್ತದೆ.

ರಾಜ್ಯೋತ್ಸವದ ತಿಂಗಳು ಇದಕ್ಕೆ ತಕ್ಕ ಕಾಲ. ಪಂಚಾಯಿತಿಗಳ ಮುಂದಿನ ವರ್ಷದ ಯೋಜನೆಗಾಗಿ ಅಕ್ಟೋಬರ್ 2ರಿಂದ ವರ್ಷದ ಕೊನೆಯವರೆಗೆ ಸಭೆಗಳನ್ನು ನಡೆಸುವ ಪದ್ಧತಿ 2018ರಲ್ಲಿ ದೇಶದಲ್ಲೆಲ್ಲ ಆರಂಭವಾಯಿತು. ಪಾಲಿಕೆಯ ಅಂದಾಜುಗಳೂ ಮಾಘ-ಫಾಲ್ಗುಣದ ಹೊತ್ತಿಗೆ ಗಟ್ಟಿಯಾಗುವುವು. ಬೇಸಗೆಯಲ್ಲಿ ನೆರಳು ಬೇಕೆಂದವರು ಚಳಿಗಾಲದಲ್ಲಿಯೇ ಅರ್ಜಿ ಬರೆಯಬೇಕು. ಅರ್ಜಿ ಮರಾಠಿಯಲ್ಲಿರಲಿ, ಅದರಲ್ಲಿ ನೆರೆಯ ಮರಾಠಿ, ಹಿಂದಿ ಮನೆಗಳವರ ರುಜುವೂ ಇರಲಿ. ನೆರಳು ಕನ್ನಡಿಗರಿಗೆ ಮಾತ್ರ ಬೀಳುವುದಿಲ್ಲವಷ್ಟೆ. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಳ್ಳುವುದಕ್ಕೂ ಬೀದಿಯ ಸಭೆಯಲ್ಲಿ ಮರಾಠಿಯಲ್ಲಿ ಮಾತನಾಡುವುದಕ್ಕೂ ವಿರೋಧವಿಲ್ಲ. ನಮ್ಮ ಮಕ್ಕಳು ಈ ಎರಡನ್ನೂ ಈಗಾಗಲೇ ಮಾಡುತ್ತಿದ್ದಾರೆ. ಧ್ವಜವಂದನೆ, ಹಾಡು, ಊಟ ಮುಗಿದ ಮೇಲೆ ನಮ್ಮ ಸಂಘದ ಒಂದು ಮೇಜಿನ ಮೇಲೆ 8ನೆಯ ನಮೂನೆಯ ಅರ್ಜಿಗಳ ಒಂದು ಕಟ್ಟೂ ಇರಲೆಂದು ನಮ್ಮ ವಿಜ್ಞಾಪನೆ.