ಪಟ್ಟಣದ ಹಳೆಯ ಕಟ್ಟಡಗಳ ನವೀಕರಣ: ಸ್ಥಳೀಯ ಸಂಸ್ಥೆಯ ನಿರ್ಣಯ ಹಾಗೂ ಅನುಮತಿ ಪಡೆಯುವ ವಿಧಾನ

1. ಪೀಠಿಕೆ

ರಾಜ್ಯದ ಅನೇಕ ನಗರ ಮತ್ತು ಪಟ್ಟಣಗಳ ಮಧ್ಯಭಾಗದಲ್ಲಿ ನೂರು ವರ್ಷಕ್ಕೂ ಹಳೆಯದಾದ ಮಾರುಕಟ್ಟೆಗಳು, ಗಡಿಯಾರ ಗೋಪುರಗಳು, ಪುರಭವನಗಳು, ಛತ್ರಗಳು ಹಾಗೂ ವಾಸದ ಮನೆಗಳು ಇರುತ್ತವೆ. ಇವುಗಳಲ್ಲಿ ಕೆಲವು ನಗರಪಾಲಿಕೆ, ನಗರಸಭೆ ಅಥವಾ ಪುರಸಭೆಯ ಸ್ವತ್ತುಗಳು. ಉಳಿದವು ಖಾಸಗಿಯವರ ಸ್ವತ್ತುಗಳು. ಇಂತಹ ಕಟ್ಟಡವನ್ನು ದುರಸ್ತಿ ಮಾಡಬೇಕೆ, ನವೀಕರಿಸಬೇಕೆ ಅಥವಾ ಕೆಡವಬೇಕೆ ಎಂಬ ಪ್ರಶ್ನೆ ಉದ್ಭವಿಸಿದಾಗ ಯಾವ ಪ್ರಾಧಿಕಾರವನ್ನು ಸಂಪರ್ಕಿಸಬೇಕು, ಯಾವ ದಾಖಲೆಗಳನ್ನು ಒದಗಿಸಬೇಕು, ನಿರ್ಣಯವು ಯಾವ ಹಂತಗಳಲ್ಲಿ ಆಗುತ್ತದೆ ಎಂಬ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನಂತೆ ವಿವರಿಸಲಾಗಿದೆ.

2. ಪಾರಂಪರಿಕ ಕಟ್ಟಡ ಎಂದರೆ ಯಾವುದು?

ಕಟ್ಟಡವು ಹಳೆಯದಾದ ಮಾತ್ರಕ್ಕೆ ಕಾನೂನಿನ ದೃಷ್ಟಿಯಲ್ಲಿ ಪಾರಂಪರಿಕ ಕಟ್ಟಡವಾಗುವುದಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಮೌಲ್ಯವುಳ್ಳದ್ದಾಗಿದ್ದು, ಯೋಜನಾ ಪ್ರಾಧಿಕಾರವು ಅಥವಾ ಇತರ ಸಕ್ಷಮ ಪ್ರಾಧಿಕಾರವು ಹಾಗೆಂದು ಘೋಷಿಸಿದ ಕಟ್ಟಡವೇ ಪಾರಂಪರಿಕ ಕಟ್ಟಡ. ಇದಲ್ಲದೆ ಕೆಲವು ಕಟ್ಟಡಗಳು ಸಂರಕ್ಷಿತ ಸ್ಮಾರಕಗಳಾಗಿರುತ್ತವೆ. ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕೇಂದ್ರ ಅಧಿನಿಯಮವೂ, ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಅಧಿನಿಯಮವೂ ಅನ್ವಯಿಸುತ್ತವೆ.

ಆದುದರಿಂದ ತಮ್ಮ ಕಟ್ಟಡವು ಈ ಮೂರರಲ್ಲಿ ಯಾವ ಪಟ್ಟಿಯಲ್ಲಿದೆ, ಅಥವಾ ಯಾವ ಪಟ್ಟಿಯಲ್ಲಿಯೂ ಇಲ್ಲವೇ ಎಂಬುದನ್ನು ಅರ್ಜಿದಾರರು ಮೊದಲಿಗೆ ಖಚಿತಪಡಿಸಿಕೊಳ್ಳತಕ್ಕದ್ದು. ಮುಂದಿನ ಎಲ್ಲಾ ಕ್ರಮಗಳೂ ಇದನ್ನೇ ಅವಲಂಬಿಸಿರುತ್ತವೆ.

3. ಮೈಸೂರಿನ ಎರಡು ನಿದರ್ಶನಗಳು

ನಿರ್ಣಯ ವಿಳಂಬವಾದಲ್ಲಿ ಆಗುವ ಪರಿಣಾಮವನ್ನು ಅರಿಯಲು ಮೈಸೂರು ನಗರದ ಎರಡು ಕಟ್ಟಡಗಳನ್ನು ಉದಾಹರಿಸಬಹುದು. ಜಗನ್ಮೋಹನ ಅರಮನೆಯ ಸಮೀಪದಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡವು ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಅವರ ಭೇಟಿಯ ನೆನಪಿಗಾಗಿ 1892ರಲ್ಲಿ ನಿರ್ಮಾಣಗೊಂಡಿತು. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಹೆಸರಾಗಿದ್ದ ಈ ಕಟ್ಟಡದ ಒಂದು ಭಾಗವು 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಮೃತಪಟ್ಟರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಾಮರಾಜ ಒಡೆಯರ್ ಅವರ ಆಳ್ವಿಕೆಯ ಕಾಲದಲ್ಲಿ ರೂಪುಗೊಂಡ ದೇವರಾಜ ಮಾರುಕಟ್ಟೆಯ ಉತ್ತರ ಭಾಗವು 2016ರ ಆಗಸ್ಟ್ 28ರಂದು, ನವೀಕರಣ ಕಾಮಗಾರಿ ನಡೆಯುತ್ತಿದ್ದ ಅವಧಿಯಲ್ಲಿಯೇ ಕುಸಿಯಿತು. ಅಂದು ಪ್ರಾಣಹಾನಿ ಸಂಭವಿಸಲಿಲ್ಲ.

ತದನಂತರ ಈ ಎರಡೂ ಕಟ್ಟಡಗಳನ್ನು ಕೆಡವಿ ಹಿಂದಿನ ಮಾದರಿಯಲ್ಲಿಯೇ ಮರುನಿರ್ಮಿಸಬೇಕೆ ಅಥವಾ ಇರುವುದನ್ನೇ ಬಲಪಡಿಸಿ ಉಳಿಸಬೇಕೆ ಎಂಬ ಬಗ್ಗೆ ತಜ್ಞರ ಅಭಿಪ್ರಾಯಗಳು ಭಿನ್ನವಾದವು. ಪರಂಪರೆ ತಜ್ಞರು ಸಂರಕ್ಷಣೆಯ ಪರವಾಗಿಯೂ, ಇತರ ಕೆಲವು ತಾಂತ್ರಿಕ ವರದಿಗಳು ಪುನರ್ನಿರ್ಮಾಣದ ಪರವಾಗಿಯೂ ಇದ್ದವು. ವಿಷಯವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ವರ್ಷಗಳು ಕಳೆದಂತೆ ಕಟ್ಟಡಗಳು ಮತ್ತಷ್ಟು ಶಿಥಿಲಗೊಂಡವು; ವ್ಯಾಪಾರಸ್ಥರ ಜೀವನೋಪಾಯವು ಅನಿಶ್ಚಿತವಾಯಿತು. ಸಕಾಲದಲ್ಲಿ ಮಾಡುವ ಸಣ್ಣ ದುರಸ್ತಿಯು ಮುಂದಿನ ದೊಡ್ಡ ವಿವಾದವನ್ನು ತಪ್ಪಿಸಬಲ್ಲದು ಎಂಬುದು ಇದರಿಂದ ತಿಳಿಯಬೇಕಾದ ಅಂಶ.

4. ಸ್ಥಳೀಯ ಸಂಸ್ಥೆಯ ಕಟ್ಟಡವಾಗಿದ್ದಲ್ಲಿ ನಿರ್ಣಯದ ಹಂತಗಳು

(ಅ) ಕಟ್ಟಡದ ಸ್ಥಿತಿಗತಿಯ ಬಗ್ಗೆ ಅಭಿಯಂತರರಿಂದ ಪರಿಶೀಲನೆ ಹಾಗೂ ತಾಂತ್ರಿಕ ವರದಿ.
(ಆ) ಪಾರಂಪರಿಕ ಕಟ್ಟಡವಾಗಿದ್ದಲ್ಲಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಅಭಿಪ್ರಾಯ. ಮೈಸೂರಿನಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪಾರಂಪರಿಕ ಸಮಿತಿ ಇರುವ ಕಡೆ ಆ ಸಮಿತಿಯ ಮುಂದೆ ಮಂಡನೆ.
(ಇ) ಮಹಾನಗರಪಾಲಿಕೆಯಾಗಿದ್ದಲ್ಲಿ ಪಟ್ಟಣ ಯೋಜನೆ ಮತ್ತು ಅಭಿವೃದ್ಧಿ ಸ್ಥಾಯಿ ಸಮಿತಿಯಲ್ಲಿ ಚರ್ಚೆ. ಬಳಿಕ ಅಗತ್ಯಾನುಸಾರ ಸಾಮಾನ್ಯ ಸಭೆಯಲ್ಲಿ ನಿರ್ಣಯ.
(ಈ) ಅಂದಾಜು ಪಟ್ಟಿ ತಯಾರಿಕೆ ಹಾಗೂ ಸಕ್ಷಮ ಪ್ರಾಧಿಕಾರದ ಮಂಜೂರಾತಿ.
(ಉ) ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಮೇರೆಗೆ ಟೆಂಡರ್ ಪ್ರಕ್ರಿಯೆ.

ಸಭೆಯ ನಡವಳಿಯಲ್ಲಿ 'ನವೀಕರಣ' ಎಂದು ನಮೂದಾಗಿದೆಯೇ ಅಥವಾ 'ಪುನರ್ನಿರ್ಮಾಣ' ಎಂದು ನಮೂದಾಗಿದೆಯೇ ಎಂಬುದನ್ನು ಆಸಕ್ತರು ಗಮನಿಸತಕ್ಕದ್ದು. ನವೀಕರಣದಲ್ಲಿ ಮೂಲ ಕಟ್ಟಡವು ಉಳಿಯುತ್ತದೆ. ಪುನರ್ನಿರ್ಮಾಣದಲ್ಲಿ ಮೂಲ ಕಟ್ಟಡವನ್ನು ತೆಗೆದು ಹೊಸದನ್ನು ಕಟ್ಟಲಾಗುತ್ತದೆ. ಒಂದು ಪದದ ವ್ಯತ್ಯಾಸದಿಂದ ಕಾಮಗಾರಿಯ ಸ್ವರೂಪವೇ ಬದಲಾಗುತ್ತದೆ.

5. ಖಾಸಗಿ ಮಾಲೀಕರು ಸಲ್ಲಿಸಬೇಕಾದ ಅರ್ಜಿ

ಹಳೆಯ ಕಟ್ಟಡದ ಮಾಲೀಕರು ಕಾಮಗಾರಿ ಪ್ರಾರಂಭಿಸುವ ಮೊದಲು ಸ್ಥಳೀಯ ಸಂಸ್ಥೆಯ ನಗರ ಯೋಜನಾ ಶಾಖೆಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಸಾಮಾನ್ಯವಾಗಿ ಕೇಳಲಾಗುವ ದಾಖಲೆಗಳು ಇಂತಿವೆ:

- ಸ್ವತ್ತಿನ ಹಕ್ಕು ಪತ್ರ ಹಾಗೂ ಖಾತೆಯ ಪ್ರತಿ
- ಇತ್ತೀಚಿನ ಆಸ್ತಿ ತೆರಿಗೆ ಪಾವತಿಸಿದ ರಸೀದಿ
- ಈಗಿರುವ ಕಟ್ಟಡದ ಅಳತೆ ನಕ್ಷೆ ಮತ್ತು ಉದ್ದೇಶಿತ ಬದಲಾವಣೆಯ ನಕ್ಷೆ (ಪ್ರತ್ಯೇಕವಾಗಿ)
- ಕಟ್ಟಡದ ನಾಲ್ಕೂ ಬದಿಯ ಮತ್ತು ಒಳಭಾಗದ ಛಾಯಾಚಿತ್ರಗಳು
- ಅರ್ಹ ಅಭಿಯಂತರರಿಂದ ಪಡೆದ ಕಟ್ಟಡ ಸುಭದ್ರತೆಯ ವರದಿ
- ಜಂಟಿ ಸ್ವತ್ತಾಗಿದ್ದಲ್ಲಿ ಉಳಿದ ಹಕ್ಕುದಾರರ ಒಪ್ಪಿಗೆ ಪತ್ರ

ಅರ್ಜಿಯಲ್ಲಿ ಬದಲಾವಣೆಯ ವಿವರವನ್ನು ಸ್ಪಷ್ಟವಾಗಿ ಬರೆಯುವುದು ಅತ್ಯವಶ್ಯ. 'ಮನೆ ರಿಪೇರಿ' ಎಂದಷ್ಟೇ ಬರೆದ ಅರ್ಜಿಗಳ ಬಗ್ಗೆ ಸ್ಪಷ್ಟೀಕರಣ ಕೇಳಬೇಕಾಗುವುದರಿಂದ ವಿಳಂಬವಾಗುತ್ತದೆ. ಇದರ ಬದಲು 'ಮುಂಭಾಗದ ಜಗಲಿಯ ಎರಡು ಕಂಬಗಳನ್ನು ಅದೇ ಮಾದರಿಯ ಮರದಿಂದ ಬದಲಾಯಿಸುವುದು' ಎಂಬಂತೆ ಬರೆಯುವುದು ಸೂಕ್ತ. ವಾಸದ ಮನೆಯನ್ನು ಅಂಗಡಿ ಅಥವಾ ವಸತಿಗೃಹವಾಗಿ ಮಾರ್ಪಡಿಸುವ ಉದ್ದೇಶವಿದ್ದಲ್ಲಿ ಅದನ್ನು ಮರೆಮಾಚತಕ್ಕದ್ದಲ್ಲ. ಬಳಕೆಯ ಬದಲಾವಣೆಗೆ ಯೋಜನಾ ಕಾಯ್ದೆಯನ್ವಯ ಪ್ರತ್ಯೇಕ ಪರಿಶೀಲನೆ ಅಗತ್ಯವಿರುತ್ತದೆ.

6. ಸಂರಕ್ಷಿತ ಸ್ಮಾರಕದ ಸಮೀಪದಲ್ಲಿರುವ ಕಟ್ಟಡಗಳು

ವಿಜಯಪುರ, ಬೀದರ್, ಶ್ರೀರಂಗಪಟ್ಟಣ ಮುಂತಾದ ಊರುಗಳಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು ಜನವಸತಿಯ ನಡುವೆಯೇ ಇವೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಅಧಿನಿಯಮದ ಪ್ರಕಾರ, ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗಿನ ಪ್ರದೇಶವು ನಿಷೇಧಿತ ಪ್ರದೇಶವಾಗಿರುತ್ತದೆ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ.

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಖಾಸಗಿಯವರಿಗೆ ಅನುಮತಿ ದೊರೆಯುವುದಿಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಕಟ್ಟಡದ ಮಾಲೀಕರು ದುರಸ್ತಿ ಮತ್ತು ನವೀಕರಣಕ್ಕಾಗಿ ಸಕ್ಷಮ ಪ್ರಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಆದುದರಿಂದ ಕಟ್ಟಡವು ಆ ದಿನಾಂಕಕ್ಕೆ ಮುಂಚೆ ಇತ್ತೆಂಬುದನ್ನು ತೋರಿಸುವ ಹಳೆಯ ತೆರಿಗೆ ರಸೀದಿ, ಖಾತೆ ಅಥವಾ ನೋಂದಾಯಿತ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಬಹು ಮುಖ್ಯ. ಈ ಅರ್ಜಿಗಳು ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರದ ಪರಿಶೀಲನೆಗೆ ಹೋಗುತ್ತವೆ. ಅನುಮತಿ ಇಲ್ಲದೆ ನಿರ್ಮಾಣ ಕೈಗೊಂಡಲ್ಲಿ ಎರಡು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಸ್ಥಳೀಯ ಸಂಸ್ಥೆಯ ಪರವಾನಗಿಯು ಈ ಅನುಮತಿಗೆ ಬದಲಿಯಾಗುವುದಿಲ್ಲ.

7. ಗಾರೆ ಕಟ್ಟಡಗಳ ದುರಸ್ತಿಯಲ್ಲಿ ಗಮನಿಸಬೇಕಾದ ಅಂಶಗಳು

ಹಳೆಯ ಕಟ್ಟಡಗಳ ಬಹುಪಾಲು ಗೋಡೆಗಳು ಇಟ್ಟಿಗೆ ಅಥವಾ ಕಲ್ಲು ಮತ್ತು ಸುಣ್ಣದ ಗಾರೆಯಿಂದ ಕಟ್ಟಲ್ಪಟ್ಟಿವೆ. ಗಾರೆಯ ಗೋಡೆಯು ಹೀರಿದ ತೇವವು ಕ್ರಮೇಣ ಹೊರಗೆ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿದಲ್ಲಿ ತೇವವು ಒಳಗೇ ಉಳಿದು ಗೋಡೆಯು ಸಡಿಲವಾಗುತ್ತದೆ. ಮದ್ರಾಸ್ ತಾರಸಿಯ ಮೇಲೆ ನೀರು ನಿಂತಲ್ಲಿ ಮರದ ತೊಲೆಗಳ ತುದಿಗಳು ಗೋಡೆಯೊಳಗೆ ಕಣ್ಣಿಗೆ ಕಾಣದಂತೆ ಕೊಳೆಯುತ್ತವೆ. ಗೋಡೆಯಲ್ಲಿ ಬೇರೂರಿದ ಅರಳಿ, ಆಲದ ಸಸಿಗಳನ್ನು ಚಿಕ್ಕದಿರುವಾಗಲೇ ಬೇರುಸಹಿತ ತೆಗೆಸುವುದು, ಮಳೆಗಾಲಕ್ಕೆ ಮುನ್ನ ನೀರಿನ ದೋಣಿಗಳನ್ನು ಸ್ವಚ್ಛಗೊಳಿಸುವುದು ಕಡಿಮೆ ವೆಚ್ಚದ ಕ್ರಮಗಳಾಗಿವೆ. ಒಳಗೋಡೆಯನ್ನು ಒಡೆದು ಮಳಿಗೆಯನ್ನು ವಿಸ್ತರಿಸುವುದು, ಹಳೆಯ ಮಾಳಿಗೆಯ ಮೇಲೆ ನೀರಿನ ತೊಟ್ಟಿ ಇರಿಸುವುದು ಅಪಾಯಕಾರಿ.

8. ಅಪಾಯಕಾರಿ ಸ್ಥಿತಿಯ ಕಟ್ಟಡಗಳು ಹಾಗೂ ಬಾಡಿಗೆದಾರರು

ಕಟ್ಟಡವು ಕುಸಿಯುವ ಸ್ಥಿತಿಯಲ್ಲಿದ್ದಲ್ಲಿ, ಅದನ್ನು ದುರಸ್ತಿಪಡಿಸಲು, ಬೇಲಿ ಹಾಕಲು ಅಥವಾ ತೆರವುಗೊಳಿಸಲು ಮಾಲೀಕರಿಗೆ ಅಥವಾ ಅನುಭೋಗದಾರರಿಗೆ ನೋಟೀಸು ನೀಡುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಇರುತ್ತದೆ. ಬಿರುಕು ಹಿಗ್ಗುತ್ತಿರುವುದು, ಬಾಗಿಲು ಏಕಾಏಕಿ ಬಿಗಿಯಾಗುವುದು, ಮಾಳಿಗೆಯಿಂದ ಗಾರೆ ಉದುರುವುದು ಕಂಡುಬಂದಲ್ಲಿ ನೋಟೀಸಿಗಾಗಿ ಕಾಯದೆ ಕೂಡಲೇ ಆ ಭಾಗವನ್ನು ತೆರವುಗೊಳಿಸಿ ಲಿಖಿತ ದೂರು ನೀಡತಕ್ಕದ್ದು.

ಬಾಡಿಗೆದಾರ ವ್ಯಾಪಾರಸ್ಥರು ತಮ್ಮ ಕರಾರು ಪತ್ರ, ಬಾಡಿಗೆ ರಸೀದಿ, ವ್ಯಾಪಾರ ಪರವಾನಗಿಗಳ ಪ್ರತಿಗಳನ್ನು ಅಂಗಡಿಯ ಹೊರಗೂ ಒಂದು ಕಡೆ ಇಟ್ಟುಕೊಂಡಿರುವುದು ಒಳ್ಳೆಯದು. ತಾತ್ಕಾಲಿಕ ಸ್ಥಳಾವಕಾಶ, ಕಾಮಗಾರಿಯ ಅವಧಿ ಹಾಗೂ ಮರುಹಂಚಿಕೆಯ ಷರತ್ತುಗಳ ಬಗ್ಗೆ ಮೌಖಿಕ ಭರವಸೆಯನ್ನು ಅವಲಂಬಿಸದೆ ಲಿಖಿತ ಮನವಿ ಸಲ್ಲಿಸಿ ಲಿಖಿತ ಉತ್ತರ ಪಡೆಯತಕ್ಕದ್ದು.

9. ಸ್ವೀಕೃತಿ ಮತ್ತು ಮಾಹಿತಿ ಪಡೆಯುವುದು

ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿ ಪಡೆಯುವುದು ಅರ್ಜಿದಾರರ ಹಿತದೃಷ್ಟಿಯಿಂದ ಅಗತ್ಯ. 2011ರ ಸಕಾಲ ಸೇವೆಗಳ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಿಗೆ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಸಭಾ ನಡವಳಿ, ತಾಂತ್ರಿಕ ವರದಿ ಮತ್ತು ಅಂದಾಜು ಪಟ್ಟಿಗಳ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಕೋರಬಹುದು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರವು ತೃಪ್ತಿಕರವಾಗಿರದಿದ್ದಲ್ಲಿ, ತದನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಹಳೆಯ ಕಟ್ಟಡವನ್ನು ಉಳಿಸಿಕೊಳ್ಳುವುದು ಎಷ್ಟು ಮುಖ್ಯವೋ ಅದರಡಿಯಲ್ಲಿ ದುಡಿಯುವ, ವಾಸಿಸುವ ಜನರ ಸುರಕ್ಷತೆಯೂ ಅಷ್ಟೇ ಮುಖ್ಯ. ಈ ನಿಟ್ಟಿನಲ್ಲಿ ಮಾಲೀಕರು, ಬಾಡಿಗೆದಾರರು ಹಾಗೂ ಸಾರ್ವಜನಿಕರು ಸಕಾಲದಲ್ಲಿ ಅರ್ಜಿ ಸಲ್ಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.