ಲೂಸಿ: ನಮ್ಮ ಶಾಲೆಯ ವಯಸ್ಸಿನ ಒಂದು ಶೋಧ

ಸುವರ್ಣ ಮಹೋತ್ಸವದ ಸಂಚಿಕೆಗೆ ಊರಿನ ಇತಿಹಾಸ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಊರಿನ ಗುಡಿ, ಶಾಸನ, ಅಗಸಿ, ಕೆರೆಗಳ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಹತ್ತೊಂಬತ್ತು ವರ್ಷ ಈ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ನಾನು ಅದಕ್ಕಿಂತ ಬಹಳ ಹಿಂದಿನ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಶಾಲೆಯ ಮೊದಲ ಎಂಟನೇ ತರಗತಿ ಶುರುವಾದದ್ದು 1974ರ ಜೂನ್‌ನಲ್ಲಿ. ಅದೇ ವರ್ಷ ನವೆಂಬರ್ 24ರಂದು ಆಫ್ರಿಕಾದ ಇಥಿಯೋಪಿಯಾ ದೇಶದಲ್ಲಿ ಒಂದು ಎಲುಬಿನ ಗೂಡು ಸಿಕ್ಕಿತು. ಜಗತ್ತು ಅದನ್ನು ಲೂಸಿ ಎಂದು ಕರೆಯುತ್ತದೆ. ಎರಡಕ್ಕೂ ಈಗ ಐವತ್ತು ತುಂಬಿದೆ.

ವಯಸ್ಸು ಹೊಂದುತ್ತದೆ ಎಂಬುದಷ್ಟೇ ಕಾರಣವಲ್ಲ. ಎಂಟನೇ ತರಗತಿಯಲ್ಲಿ ಶಿಲಾಯುಗದ ಪಾಠಕ್ಕೆ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಏಳುತ್ತಿತ್ತು: "ಸರ್, ಮನುಷ್ಯ ಮಂಗನಿಂದ ಬಂದಾನಂತ, ಖರೇನಾ? ಹಂಗಿದ್ರ ಈಗಿನ ಮಂಗ್ಯಾ ಯಾಕ ಮನುಷ್ಯಾ ಆಗವಲ್ದು?" ತರಗತಿಯೆಲ್ಲ ನಗುತ್ತಿತ್ತು. ನಾನು ಮಾತ್ರ ಆ ಪ್ರಶ್ನೆಯನ್ನು ನಕ್ಕು ಬಿಡಲಿಲ್ಲ, ಏಕೆಂದರೆ ಕೇಳಿದವನ ಅನುಮಾನ ನ್ಯಾಯವಾದದ್ದೇ. ಈಗ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದುಹಾಕಿದ್ದಾರೆ. ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರಿಗೆ ಅದು ಸಿಗುತ್ತದೆ. ನಮ್ಮೂರಿನ ಮಕ್ಕಳಲ್ಲಿ ಅಷ್ಟು ದೂರ ಹೋಗುವವರು ಎಷ್ಟು ಮಂದಿ ಎಂಬುದು ಶಿಕ್ಷಕರಿಗೂ ಪಾಲಕರಿಗೂ ಗೊತ್ತಿದೆ. ಉಳಿದವರಿಗೆ ಹಿಂದಿನ ಬೆಂಚಿನ ಆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಥಿಯೋಪಿಯಾದ ಈಶಾನ್ಯಕ್ಕೆ ಅಫಾರ್ ಎಂಬ ಸೀಮೆ ಇದೆ. ಬಿಸಿಲಿನ ನಾಡು, ಆಡು, ಒಂಟೆ ಕಾಯುವ ಜನ. ಅಲ್ಲಿಯ ಅವಾಶ್ ನದಿಯ ಹತ್ತಿರ ಹಡಾರ್ ಎಂಬ ಜಾಗದಲ್ಲಿ ಮಳೆ ಬಂದಾಗಲೆಲ್ಲ ಹಳ್ಳಕೊಳ್ಳಗಳು ಕೊರೆದು ಹಳೆಯ ಮಣ್ಣಿನ ಪದರಗಳು ಹೊರಬೀಳುತ್ತವೆ. ಮೊರಿಸ್ ತಾಯೆಬ್ ಎಂಬ ಫ್ರಾನ್ಸಿನ ಭೂವಿಜ್ಞಾನಿ ಈ ಜಾಗದ ಮಹತ್ವವನ್ನು ಮೊದಲು ಗುರುತಿಸಿದರು. ಫ್ರಾನ್ಸ್, ಅಮೆರಿಕ ಮತ್ತು ಇಥಿಯೋಪಿಯಾದವರು ಸೇರಿ ತಂಡ ಕಟ್ಟಿ ಹುಡುಕಾಟ ನಡೆಸಿದರು. 1973ರಲ್ಲಿ ಅಮೆರಿಕದ ಡೊನಾಲ್ಡ್ ಜೊಹಾನ್ಸನ್ ಅವರಿಗೆ ಒಂದು ಮೊಣಕಾಲಿನ ಕೀಲು ಸಿಕ್ಕಿತು. ಮುಂದಿನ ವರ್ಷ ಇಥಿಯೋಪಿಯಾದವರೇ ಆದ ಅಲೆಮಯೆಹು ಅಸ್ಫಾ ಅವರ ಕಣ್ಣಿಗೆ ದವಡೆಯ ತುಂಡುಗಳು ಬಿದ್ದವು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಸೈನಿಕರು ಪದಚ್ಯುತಗೊಳಿಸಿದ್ದರು. ಅಂಥ ಗದ್ದಲದ ಕಾಲದಲ್ಲೂ ಕೆಲಸ ನಡೆಯುತ್ತಿತ್ತು.

ನವೆಂಬರ್ 24, ಭಾನುವಾರ. ಜೊಹಾನ್ಸನ್ ಮತ್ತು ವಿದ್ಯಾರ್ಥಿ ಟಾಮ್ ಗ್ರೇ ಬೆಳಗಿನಿಂದ ಹುಡುಕಿ ಬಿಸಿಲೇರಿದ ಮೇಲೆ ಹಿಂತಿರುಗಲು ಹೊರಟಿದ್ದರು. ಸಣ್ಣ ಕೊರಕಲಿನ ಇಳಿಜಾರಿನಲ್ಲಿ ಜೊಹಾನ್ಸನ್‌ರಿಗೆ ಮೊಣಕೈ ಎಲುಬಿನ ತುಂಡೊಂದು ಕಂಡಿತು. ಪಕ್ಕದಲ್ಲಿ ತಲೆಬುರುಡೆಯ ಚೂರು, ಅದರಾಚೆ ತೊಡೆಯ ಎಲುಬು, ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಎಲುಬು. ಮುಂದಿನ ಕೆಲವು ವಾರ ಮಣ್ಣನ್ನೆಲ್ಲ ಜರಡಿ ಹಿಡಿದು ನೂರಾರು ಚೂರುಗಳನ್ನು ಕೂಡಿಸಿದರು. ಜೋಡಿಸಿ ನೋಡಿದರೆ ಒಂದು ಶರೀರದ ಸುಮಾರು ಶೇಕಡಾ 40 ಭಾಗ ಸಿಕ್ಕಿತ್ತು. ಒಂದೇ ಎಲುಬು ಎರಡು ಸಲ ಬಂದಿರಲಿಲ್ಲ. ಆದ್ದರಿಂದ ಇವೆಲ್ಲ ಒಂದೇ ಜೀವಿಯವು ಎಂದು ತಿಳಿದರು. ಅಷ್ಟು ಹಳೆಯ ಕಾಲದ್ದೆಂದರೆ ಆವರೆಗೆ ಒಂದು ದವಡೆಯೋ ಒಂದೆರಡು ಹಲ್ಲೋ ಸಿಗುವುದೇ ದೊಡ್ಡದಾಗಿತ್ತು.

ಆ ರಾತ್ರಿ ಡೇರೆಯಲ್ಲಿ ಸಂಭ್ರಮ. ಟೇಪ್ ರೆಕಾರ್ಡರಿನಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡು ಕೇಳಿಬರುತ್ತಿತ್ತು. ಆ ಹಾಡಿನಲ್ಲಿ ಬರುವ ಲೂಸಿ ಎಂಬ ಹೆಸರು ಈ ಎಲುಬುಗಳಿಗೆ ಅಂಟಿಕೊಂಡಿತು. ಇಥಿಯೋಪಿಯಾದವರು ತಮ್ಮ ಅಂಹಾರಿಕ್ ಭಾಷೆಯಲ್ಲಿ ಆಕೆಯನ್ನು ದಿಂಕ್ನೇಷ್ ಎನ್ನುತ್ತಾರೆ. 'ನೀನು ಅದ್ಭುತ' ಎಂದು ಅರ್ಥ. ನನಗೆ ಈ ಹೆಸರೇ ಹೆಚ್ಚು ಹಿಡಿಸುತ್ತದೆ. ಆದರೆ ಲೂಸಿ ಎಂದರೆ ಮಾತ್ರ ಎಲ್ಲರಿಗೂ ತಿಳಿಯುವುದರಿಂದ ಅದನ್ನೇ ಬಳಸುತ್ತೇನೆ.

ಲೂಸಿಯ ಎತ್ತರ ಮೂರೂವರೆ ಅಡಿಯ ಆಸುಪಾಸು. ನಾನು ತರಗತಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಆ ಎತ್ತರಕ್ಕೆ ಗೆರೆ ಎಳೆಯುತ್ತಿದ್ದೆ. ಎಂಟನೇ ತರಗತಿಯ ಹುಡುಗಿಯರ ಎದೆಗೂ ಅದು ಬರುತ್ತಿರಲಿಲ್ಲ. "ಸಣ್ಣ ಕೂಸು ಏನ್ ಸರ್?" ಎನ್ನುತ್ತಿದ್ದರು. ಅಲ್ಲ. ಬುದ್ಧಿಹಲ್ಲು ಬಂದು ಸವೆಯಲು ತೊಡಗಿತ್ತು, ಎಂದರೆ ಬೆಳೆದ ಹೆಂಗಸು. ಸೊಂಟದ ಎಲುಬು ಮತ್ತು ದೇಹದ ಸಣ್ಣ ಗಾತ್ರ ನೋಡಿ ಹೆಣ್ಣೆಂದು ತೀರ್ಮಾನಿಸಿದರು.

ಕಾಲ ಗೊತ್ತಾದದ್ದು ಹೇಗೆ? ಇದನ್ನು ಹೇಳದಿದ್ದರೆ ಲಕ್ಷಗಟ್ಟಲೆ ವರ್ಷ ಎನ್ನುವುದು ಅಜ್ಜಿಕತೆಯಂತೆ ಕೇಳುತ್ತದೆ. ಅಫಾರ್ ಜ್ವಾಲಾಮುಖಿಗಳ ಸೀಮೆ. ಅವು ಉಗುಳಿದ ಬೂದಿ ನೆಲದ ಮೇಲೆ ಪದರ ಪದರವಾಗಿ ಕುಳಿತಿದೆ. ಬೂದಿಯ ಹರಳುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರ ಒಂದು ಸಣ್ಣ ಅಂಶ ಗೊತ್ತಾದ ವೇಗದಲ್ಲಿ ಆರ್ಗಾನ್ ಎಂಬ ಅನಿಲವಾಗಿ ಬದಲಾಗುತ್ತ ಹರಳಿನೊಳಗೇ ಉಳಿಯುತ್ತದೆ. ಎಷ್ಟು ಆರ್ಗಾನ್ ಕೂಡಿದೆ ಎಂದು ಅಳೆದರೆ ಬೂದಿ ಬಿದ್ದು ಎಷ್ಟು ಕಾಲವಾಯಿತೆಂದು ಲೆಕ್ಕ ಸಿಗುತ್ತದೆ. ಲೂಸಿ ಸಿಕ್ಕಿದ ಪದರದ ಹತ್ತಿರದ ಬೂದಿಯನ್ನು ಹೀಗೆ ಅಳೆದು ಆಕೆಯ ಕಾಲವನ್ನು 31 ಲಕ್ಷ 80 ಸಾವಿರ ವರ್ಷಗಳ ಹಿಂದೆ ಎಂದು ನಿಗದಿ ಮಾಡಿದರು. ನಮ್ಮ ಮನೆಗಳಿಗೆ ಹೆಳವರು ಬಂದರೆ ಏಳೆಂಟು ತಲೆಮಾರು ಹೇಳುತ್ತಾರೆ, ನಾವು ಬೆರಗಾಗುತ್ತೇವೆ. ಇಪ್ಪತ್ತೈದು ವರ್ಷಕ್ಕೊಂದು ತಲೆಮಾರೆಂದರೆ ಲೂಸಿಯ ಕಾಲ ಮುಟ್ಟಲು 1 ಲಕ್ಷ 27 ಸಾವಿರ ತಲೆಮಾರು ಹಿಂದೆ ಹೋಗಬೇಕು.

ಈಗ ಮುಖ್ಯ ಮಾತು. ಮನುಷ್ಯ ಮನುಷ್ಯನಾದದ್ದು ಯಾವುದರಿಂದ? ತಲೆಯಿಂದ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನೇಕ ಪಂಡಿತರು ನಂಬಿದ್ದರು. ಮೊದಲು ಮಿದುಳು ದೊಡ್ಡದಾಯಿತು, ಉಳಿದದ್ದು ಆಮೇಲೆ ಬಂತು ಎಂದು ಅವರ ಎಣಿಕೆ. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಮನುಷ್ಯನ ದೊಡ್ಡ ತಲೆಬುರುಡೆ, ವಾನರನ ದವಡೆ ಇರುವ ಪಳೆಯುಳಿಕೆ ಸಿಕ್ಕಿತೆಂದಾಗ ಈ ನಂಬಿಕೆಗೆ ಬಲ ಬಂತು. ಅದು ಬಣ್ಣ ಹಚ್ಚಿ ಹಲ್ಲು ಉಜ್ಜಿ ಮಾಡಿದ ಶುದ್ಧ ಮೋಸವೆಂದು ಬಯಲಾಗಲು 1953ರವರೆಗೆ ಕಾಯಬೇಕಾಯಿತು. ನಡುವೆ 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿ ಸಣ್ಣ ಮಿದುಳಿನ ಮಗುವಿನ ತಲೆಬುರುಡೆ ಸಿಕ್ಕಿತು. ಇದು ನೆಟ್ಟಗೆ ನಡೆಯುತ್ತಿದ್ದ ಜೀವಿ ಎಂದು ರೇಮಂಡ್ ಡಾರ್ಟ್ ಹೇಳಿದರೆ ದೊಡ್ಡ ದೊಡ್ಡವರು ಒಪ್ಪಲಿಲ್ಲ. ತಮಗೆ ಬೇಕಾದ ಸುಳ್ಳನ್ನು ನಾಲ್ವತ್ತು ವರ್ಷ ಇಟ್ಟುಕೊಂಡವರು ಬೇಡವಾದ ಸತ್ಯವನ್ನು ಬಾಗಿಲಲ್ಲೇ ನಿಲ್ಲಿಸಿದ್ದರು ಎನ್ನದೆ ವಿಧಿಯಿಲ್ಲ. ಡಾರ್ಟ್ ಹೇಳಿದ್ದು ಸರಿ ಎಂಬುದಕ್ಕೆ ಮುಂದೆ ದಕ್ಷಿಣ ಆಫ್ರಿಕಾದಲ್ಲೇ ಹೆಚ್ಚಿನ ಎಲುಬುಗಳು ಸಿಕ್ಕವು. ಆದರೆ ಇಷ್ಟು ಹಳೆಯ, ಇಷ್ಟು ಪೂರ್ಣವಾದ ಸಾಕ್ಷಿ ಇರಲಿಲ್ಲ.

ಲೂಸಿ ಆ ವಾದಕ್ಕೆ ತೆರೆ ಎಳೆದಳು. ಆಕೆಯ ಜಾತಿಯವರ ಮಿದುಳು ಸುಮಾರಾಗಿ ಚಿಂಪಾಂಜಿಯ ಮಿದುಳಿನಷ್ಟೇ, ನಮ್ಮದರ ಮೂರನೇ ಒಂದು ಭಾಗದಷ್ಟು. ಆದರೆ ಸೊಂಟ ನೋಡಿ: ವಾನರನದಂತೆ ಉದ್ದವಾಗಿಲ್ಲ, ಗಿಡ್ಡಗೆ, ಅಗಲವಾಗಿ, ಬೋಗುಣಿಯಂತಿದೆ. ಮೊಣಕಾಲು ನೋಡಿ: ನಾವು ನಿಂತಾಗ ತೊಡೆಯ ಎಲುಬು ಸೊಂಟದಿಂದ ಮೊಣಕಾಲಿಗೆ ಒಳಮುಖವಾಗಿ ಓರೆಯಾಗಿ ಇಳಿಯುತ್ತದೆ. ಆದ್ದರಿಂದ ಒಂದು ಕಾಲೆತ್ತಿದಾಗ ಮೈಭಾರ ಇನ್ನೊಂದು ಪಾದದ ಮೇಲೆ ಬಂದು ಕೂರುತ್ತದೆ. ಚಿಂಪಾಂಜಿಗೆ ಈ ಓರೆ ಇಲ್ಲ. ಅದು ಎದ್ದು ನಡೆದರೆ ಅತ್ತಿತ್ತ ಓಲಾಡುತ್ತದೆ. ಲೂಸಿಗೆ ಈ ಓರೆ ಇತ್ತು. ಮೊದಲು ಕಾಲು, ಆಮೇಲೆ ತಲೆ. ನೆಟ್ಟಗೆ ನಡೆಯತೊಡಗಿ ಲಕ್ಷಾಂತರ ವರ್ಷಗಳಾದ ಮೇಲೆ ಮಿದುಳು ಬೆಳೆಯಿತು.

ಒಂದೇ ಗೂಡಿನ ಮೇಲೆ ಇಷ್ಟೆಲ್ಲ ಹೇಳಬಹುದೇ ಎಂದು ಯಾರಾದರೂ ಕೇಳಬೇಕು. ಕೇಳಿದರು ಕೂಡ. 1975ರಲ್ಲಿ ಹಡಾರ್‌ನ ಇನ್ನೊಂದು ದಿಬ್ಬದಲ್ಲಿ ಕನಿಷ್ಠ 13 ಜನರ ಎಲುಬುಗಳು ಒಟ್ಟಿಗೆ ಸಿಕ್ಕವು. 1978ರಲ್ಲಿ ಟಾಂಜಾನಿಯಾದ ಲೇಟೋಲಿಯಲ್ಲಿ ಮೇರಿ ಲೀಕಿಯವರ ತಂಡಕ್ಕೆ ಸಿಕ್ಕಿದ್ದು ಎಲುಬಲ್ಲ, ಹೆಜ್ಜೆಗುರುತು. 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಬಿದ್ದು, ಮೇಲೆ ಮಳೆ ಹನಿದು, ನೆಲ ಹಸಿ ಸಿಮೆಂಟಿನಂತಾಗಿತ್ತು. ಅದರ ಮೇಲೆ ಕೆಲವರು ನಡೆದು ಹೋದರು. ಬೂದಿ ಗಟ್ಟಿಯಾಯಿತು, ಮತ್ತೆ ಬೂದಿ ಬಿದ್ದು ಮುಚ್ಚಿತು. ನಮ್ಮ ಎರೆಹೊಲದಲ್ಲಿ ಮಳೆ ನಿಂತ ಮರುದಿನ ನಡೆದರೆ ಹಿಮ್ಮಡಿ ಒತ್ತಿದ ಕುಳಿ, ಮುಂಗಾಲು ನೂಕಿದ ಗುರುತು ಮೂಡುತ್ತವಲ್ಲ, ಅಲ್ಲಿಯೂ ಹಾಗೆಯೇ ಮೂಡಿವೆ. ಹೆಬ್ಬೆರಳು ವಾನರನದಂತೆ ಪಕ್ಕಕ್ಕೆ ಚಾಚಿಲ್ಲ. ಉಳಿದ ಬೆರಳುಗಳ ಸಾಲಿನಲ್ಲೇ ಇದೆ. ಎಲುಬು ನೋಡಿ ಊಹಿಸಿದ್ದನ್ನು ನೆಲವೇ ಒಪ್ಪಿಕೊಂಡಂತಾಯಿತು. ಅದೇ ವರ್ಷ ಜೊಹಾನ್ಸನ್, ಟಿಮ್ ವೈಟ್, ಈವ್ ಕೊಪೆನ್ಸ್ ಮೂವರು ಸೇರಿ ಈ ಜಾತಿಗೆ ಆಸ್ಟ್ರಲೋಪಿಥೆಕಸ್ ಅಫರೆನ್ಸಿಸ್ ಎಂದು ಹೆಸರಿಟ್ಟರು. ಅಫಾರ್ ಸೀಮೆಯ ಹೆಸರು ಅದರಲ್ಲಿದೆ.

ಎಲ್ಲವೂ ತೀರ್ಮಾನವಾಗಿದೆ ಎಂದಲ್ಲ. ಲೂಸಿ ಮರ ಹತ್ತುತ್ತಿದ್ದಳೇ ಎಂಬ ಚರ್ಚೆ ದಶಕಗಟ್ಟಲೆ ನಡೆದಿದೆ. ಆಕೆಯ ಗಟ್ಟಿ ತೋಳುಗಳನ್ನು ನೋಡಿದರೆ ಹತ್ತುತ್ತಿದ್ದಿರಬೇಕು. 2016ರಲ್ಲಿ ಒಂದು ತಂಡ ಎಲುಬಿನ ಬಿರುಕುಗಳನ್ನು ನೋಡಿ ಆಕೆ ಮರದಿಂದ ಬಿದ್ದು ಸತ್ತಳೆಂದು ಹೇಳಿತು. ಮಣ್ಣಿನಲ್ಲಿ ಹೂತ ಮೇಲೂ ಅಂಥ ಬಿರುಕು ಬೀಳುತ್ತವೆ ಎಂದು ಜೊಹಾನ್ಸನ್ ಒಪ್ಪಲಿಲ್ಲ. ಲೂಸಿಗಿಂತ ಹಳೆಯವರೂ ಸಿಕ್ಕಿದ್ದಾರೆ: 44 ಲಕ್ಷ ವರ್ಷ ಹಿಂದಿನ ಆರ್ಡಿ ಇಥಿಯೋಪಿಯಾದವಳೇ. ಲೂಸಿಯ ಕಾಲದಲ್ಲೇ ಬೇರೆ ಜಾತಿಗಳೂ ಇದ್ದವೆಂದು ಈಗ ಗೊತ್ತಾಗಿದೆ. ಆದ್ದರಿಂದ ಆಕೆ ನಮ್ಮ ನೇರ ಅಜ್ಜಿಯೋ ಅಜ್ಜಿಯ ತಂಗಿಯೋ ಹೇಳಲಾಗದು. ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ನಾವು ಈಗಿನ ಮಂಗನಿಂದಲೂ ಬಂದಿಲ್ಲ, ಚಿಂಪಾಂಜಿಯಿಂದಲೂ ಬಂದಿಲ್ಲ. ಚಿಂಪಾಂಜಿಯೂ ನಾವೂ ಬಹಳ ಹಿಂದೆ ಮನೆ ಪಾಲಾದ ದಾಯಾದಿಗಳು, ಮಂಗಗಳು ಇನ್ನೂ ದೂರದ ಸಂಬಂಧ. ದಾಯಾದಿಯ ಮಗ ನಮ್ಮ ಮಗನಾಗಲಿಲ್ಲವೇಕೆ ಎಂದು ಯಾರೂ ಕೇಳುವುದಿಲ್ಲ.

ಲೂಸಿಯಿಂದ ಆದ ಇನ್ನೊಂದು ಲಾಭವನ್ನು ನಾನು ಶಿಕ್ಷಕನಾಗಿ ಹೆಚ್ಚು ಗೌರವಿಸುತ್ತೇನೆ. ಮೊದಲು ಎಲುಬು ಇಥಿಯೋಪಿಯಾದ್ದು, ಓದುವವರು ಹೊರಗಿನವರು ಎಂಬಂತಿತ್ತು. ಲೂಸಿಯೂ ಅಧ್ಯಯನಕ್ಕೆಂದು ಅಮೆರಿಕಕ್ಕೆ ಹೋಗಿ, ಒಪ್ಪಂದದಂತೆ ಕೆಲವು ವರ್ಷಗಳ ಬಳಿಕ ತಾಯ್ನಾಡಿಗೆ ಹಿಂದಿರುಗಿದಳು. ಈಗ ಆಕೆಯ ಮನೆ ಅಡಿಸ್ ಅಬಾಬಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಕ್ರಮೇಣ ಅಲ್ಲಿಯವರೇ ಓದಿ ಮುಂದೆ ಬಂದರು. ಜೆರೆಸೆನಾಯ್ ಅಲೆಮ್ಸೆಗೆಡ್ ಅವರ ತಂಡಕ್ಕೆ 2000ದಲ್ಲಿ ಹಡಾರ್‌ನ ಸಮೀಪದ ಡಿಕಿಕಾದಲ್ಲಿ ಅದೇ ಜಾತಿಯ ಸುಮಾರು ಮೂರು ವರ್ಷದ ಮಗುವಿನ ಗೂಡು ಸಿಕ್ಕಿತು. ಮರಳುಗಲ್ಲನ್ನು ದಂತವೈದ್ಯರ ಉಪಕರಣದಿಂದ ಕಣ ಕಣವಾಗಿ ಬಿಡಿಸಲು ವರ್ಷಗಳೇ ಹಿಡಿದವು. ಮಗುವಿಗೆ ಸೆಲಾಮ್, ಅಂದರೆ ಶಾಂತಿ, ಎಂದು ಹೆಸರಿಟ್ಟರು. 2016ರಲ್ಲಿ ಯೊಹಾನೆಸ್ ಹೈಲೆ-ಸೆಲಾಸಿಯವರ ತಂಡಕ್ಕೆ 38 ಲಕ್ಷ ವರ್ಷದ ತಲೆಬುರುಡೆ ಸಿಕ್ಕಿತು. ಅದರ ದವಡೆಯನ್ನು ಮೊದಲು ಕಂಡವನು ಅಲಿ ಬೆರೆಯಿನೊ ಎಂಬ ಅಫಾರ್ ಸೀಮೆಯ ಸ್ಥಳೀಯ.

ನಮ್ಮ ನಾಡಿನ ಮಾತೂ ಇದೆ. ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಟ್ಟಲೆ ಕೆಲಸ ಮಾಡಿದರು. ಅಲ್ಲಿಯ ಇಸಾಂಪುರದಲ್ಲಿ ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಆದಿಮಾನವರ ಕಾರ್ಯಾಗಾರವೇ ಸಿಕ್ಕಿದೆ. ಜೊತೆಗೆ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲನ್ನು ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷ ಎಂದು ಬಂತು. ಮಧ್ಯಪ್ರದೇಶದ ನರ್ಮದಾ ದಂಡೆಯ ಹತನೋರಾದಲ್ಲಿ 1982ರಲ್ಲಿ ಅರುಣ್ ಸೊನಕಿಯಾ ಅವರಿಗೆ ಪ್ರಾಚೀನ ಮಾನವನ ತಲೆಬುರುಡೆಯ ಮೇಲ್ಭಾಗ ಸಿಕ್ಕಿತು. ಇಸಾಂಪುರದಲ್ಲಿ ಮಾತ್ರ ಕೊಡಲಿ ಸಿಕ್ಕಿವೆ, ಕೊಡಲಿ ಮಾಡಿದವರು ಸಿಕ್ಕಿಲ್ಲ.

ಆದ್ದರಿಂದ ಊರಿನ ಹಿರಿಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹಳ್ಳದ ದಂಡೆ ಕುಸಿದಾಗ, ಬಾವಿ ತೋಡುವಾಗ, ಕಲ್ಲಿನಂತೆ ಭಾರವಾದ ಎಲುಬೋ ಹಲ್ಲೋ, ಕೈಯಿಂದ ಒಡೆದು ಮಾಡಿದಂಥ ಕಲ್ಲೋ ಕಂಡರೆ ಕೀಳಬೇಡಿ, ತೊಳೆಯಬೇಡಿ. ಮಣ್ಣಿನ ಪದರದಿಂದ ಬೇರೆಯಾದ ಎಲುಬು ತನ್ನ ಕಾಲವನ್ನು ಹೇಳುವುದು ಬಲು ಕಷ್ಟ. ಜಾಗಕ್ಕೊಂದು ಗುರುತಿಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದು, ಶಾಲೆಗೆ ಬಂದು ಸಮಾಜ ವಿಜ್ಞಾನದ ಶಿಕ್ಷಕರಿಗೆ ತಿಳಿಸಿ. ಪುರಾತತ್ವ ಇಲಾಖೆಗೆ ಪತ್ರ ಬರೆಯುವ ಕೆಲಸ ಅವರದು.